ಗುಲಾಬಿ ಬಣ್ಣದ ಅಡ್ರಿನಲಿನ್

ಪಿಎಚ್‌ಡಿಯ ಎರಡನೇ ವರ್ಷ. ಕತ್ತಲೆ ಕೋಣೆಯಲ್ಲಿ ಮೈಕ್ರೋಸ್ಕೋಪ್ ಮುಂದೆ ಕೂತಿದ್ದೆ. ಗಾಜಿನ ಮೇಲೆ ಎಂಡಿಸಿಕೆ ಕೋಶಗಳು. ಇವುಗಳ ಮೂಲ ಒಂದು ಕಾಕರ್ ಸ್ಪ್ಯಾನಿಯಲ್ ನಾಯಿಯ ಕಿಡ್ನಿ. 1958ರಲ್ಲಿ ಮ್ಯಾಡಿನ್ ಮತ್ತು ಡಾರ್ಬಿ ಅನ್ನೋ ವಿಜ್ಞಾನಿಗಳು ಬೆಳೆಸಿದ್ದು. ಆ ನಾಯಿ ಹೋಗಿ ಎಷ್ಟೋ ಕಾಲವಾಯಿತು. ಅದರ ಕಿಡ್ನಿ ಮಾತ್ರ ಇನ್ನೂ ಊರೂರಿನ ಲ್ಯಾಬ್‌ಗಳಲ್ಲಿ ಬೆಳೆಯುತ್ತಲೇ ಇದೆ!

ಕೋಶಗಳಿಗೆ ಫ್ಯೂರಾ-2 ಅನ್ನೋ ಬಣ್ಣ ತುಂಬಿಸಿದ್ದೆ. 340 ಮತ್ತು 380 ನ್ಯಾನೋಮೀಟರ್ ಬೆಳಕನ್ನು ಒಂದಾದ ಮೇಲೊಂದು ಬಿಟ್ಟು ಹೊಳಪು ಹೋಲಿಸಿದರೆ, ಒಳಗೆ ಕ್ಯಾಲ್ಸಿಯಂ ಎಷ್ಟಿದೆ ಅಂತ ಗೊತ್ತಾಗುತ್ತದೆ. ಸುಮ್ಮನಿರುವ ಕೋಶದಲ್ಲಿ ಅದು ಹೊರಗಿಗಿಂತ ಸುಮಾರು 10,000 ಪಟ್ಟು ಕಡಿಮೆ. ಅಡ್ರಿನಲಿನ್ ಹಾರ್ಮೋನ್ ತಗುಲಿದರೆ ಒಳಗಿನ ಉಗ್ರಾಣದ ಬಾಗಿಲು ತೆರೆದು ಕ್ಯಾಲ್ಸಿಯಂ ನುಗ್ಗಬೇಕು.

ಪಿಪೆಟ್‌ನಿಂದ ಅಡ್ರಿನಲಿನ್ ಹಾಕಿದೆ. ಪರದೆಯ ಮೇಲೆ ನೀಲಿ ಅಂದರೆ ಕ್ಯಾಲ್ಸಿಯಂ ಕಡಿಮೆ, ಕೆಂಪು ಅಂದರೆ ಜಾಸ್ತಿ. ನೀಲಿ ಕೋಶಗಳೆಲ್ಲ ಹಳದಿಯಾಗಿ, ಕೆಂಪಾದವು. ಖುಷಿಯಲ್ಲಿ ಲೈಟ್ ಹಾಕಿದೆ. ಅಡ್ರಿನಲಿನ್ ಇದ್ದ ಟ್ಯೂಬ್ ನೋಡಿದರೆ ತಿಳಿ ಗುಲಾಬಿ! ಗಾಳಿಗೆ, ಬೆಳಕಿಗೆ ಅಡ್ರಿನಲಿನ್ ಕೆಟ್ಟರೆ ಹಾಗಾಗುತ್ತದೆ. ಬೆಳಿಗ್ಗೆಯಿಂದ ಅದನ್ನು ಐಸಿನಲ್ಲಿಡದೆ ಮೇಜಿನ ಮೇಲೇ ಬಿಟ್ಟಿದ್ದೆ. ಹಾಗಾದರೆ ಕೋಶಗಳು ಕೆಂಪಾಗಿದ್ದು ಯಾಕೆ?

ಸೀನಿಯರ್ ಅಕ್ಕನನ್ನು ಕರೆದೆ. "ಬರೀ ಬಫರ್ ಹಾಕಿ ನೋಡಿದ್ಯಾ?" ಎಂದರು. ಇಲ್ಲ. ಅಡ್ರಿನಲಿನ್ ಇಲ್ಲದ ಆ ಉಪ್ಪುನೀರನ್ನು ಹಾಕಿದೆ. ಅವೇ ಬಣ್ಣಗಳು.

"ಹಾರ್ಮೋನೂ ಅಲ್ಲ, ಏನೂ ಅಲ್ಲ. ನೀನು ಸುರಿದ ರಭಸ ಕಣೋ." ನೀರಿನ ತಳ್ಳಾಟಕ್ಕೆ ಕಿಡ್ನಿ ಕೋಶಗಳು ಎಟಿಪಿ ಅನ್ನೋ ಅಣುವನ್ನು ಹೊರಗೆ ಬಿಡುತ್ತವೆ. ಅದು ಅಕ್ಕಪಕ್ಕದ ಕೋಶಗಳಲ್ಲೂ ಕ್ಯಾಲ್ಸಿಯಂ ಏರಿಸುತ್ತದೆ. ಮೂತ್ರ ಹರಿಯುವ ಜಾಗದ ಕೋಶಗಳಲ್ವಾ, ಹರಿವು ಗೊತ್ತಾಗದೇ ಇರುತ್ತಾ? ಇಷ್ಟು ದಿನ ನಾನು ಹಾರ್ಮೋನಿನ ಹೆಸರಲ್ಲಿ ಬರೆದಿಟ್ಟ ಮೂರು ವಾರದ ಗ್ರಾಫ್‌ಗಳಲ್ಲಿ ಪಿಪೆಟ್ ಒತ್ತಿದ ನನ್ನ ಹೆಬ್ಬೆರಳಿನ ಪಾಲು ಎಷ್ಟೋ!

ಮರುದಿನ ಡ್ರಿಪ್ ಸೆಟ್ ಕಟ್ಟಿದೆವು. ಮೊದಲು ಬರೀ ಬಫರ್ ನಿಧಾನಕ್ಕೆ ಹರಿಯಿತು. ಕೋಶಗಳು ನೀಲಿಯಾಗೇ ಇದ್ದವು. ಆಮೇಲೆ ಆಗಷ್ಟೇ ಕರಗಿಸಿದ ಅಡ್ರಿನಲಿನ್. ಈ ಸಲ ಏರಿಕೆ ಚಿಕ್ಕದು, ಆದರೆ ಅದರದ್ದೇ.

ಅಕ್ಕ ಇನ್ನೊಂದು ಕೋಶಕ್ಕೆ ಗಾಜಿನ ಎಲೆಕ್ಟ್ರೋಡ್ ಚುಚ್ಚಿದರು. ಕೋಶದ ಒಳಗಿನ ವೋಲ್ಟೇಜ್ ತೋರಿಸುವ ಮೀಟರ್ ಮೈನಸ್ 50 ಮಿಲಿವೋಲ್ಟ್ ಸುಮಾರಿಗೆ ನಿಂತಿತ್ತು. ಕ್ಯಾಲ್ಸಿಯಂ ಏರಿದರೆ ಪೊಟ್ಯಾಸಿಯಂ ದಾರಿಗಳು ತೆರೆದು ಪೊಟ್ಯಾಸಿಯಂ ಹೊರಗೆ ಓಡುತ್ತದೆ, ಒಳಗೆ ಮೈನಸ್ ಜಾಸ್ತಿಯಾಗುತ್ತದೆ. ಅಡ್ರಿನಲಿನ್ ತಲುಪಿತು. ಗೆರೆ ಮೈನಸ್ 60 ದಾಟಿ ಇಳಿಯತೊಡಗಿತು. ನನಗೆ ಆಗಲೇ ಗಂಟಲು ಕೆರೆಯಬೇಕೇ!

"ಕೆಮ್ಮಿದರೆ ಎಲೆಕ್ಟ್ರೋಡ್ ಜಾರುತ್ತೆ" ಎಂದು ಅಕ್ಕ ತಿರುಗಿಯೂ ನೋಡದೆ ಪಿಸುಗುಟ್ಟಿದರು.