ಕಾಕಾನ 15 ರೂಪಾಯಿ

ಹೋದ ಆಗಸ್ಟ್‌ನ ಒಂದು ಸಂಜೆ. ಹೊರಗೆ ಪುಣೆಯ ಜಿಟಿಜಿಟಿ ಮಳೆ, ಒಳಗೆ ಅವ್ವನ ಧಾರಾವಾಹಿ. ಸೋಫಾದ ಈ ತುದಿಗೆ ಅವ್ವ, ಆ ತುದಿಗೆ ಎದುರು ಮನೆಯ ಆಜಿ. ಇಬ್ಬರ ನಡುವೆ ಆಜಿಯ ಮೊಮ್ಮಗಳು. ಎಂಟು ವರ್ಷದ ಹುಡುಗಿ, ಇಂಗ್ಲೆಂಡಿನಿಂದ ರಜೆಗೆ ಬಂದವಳು.

ಆಜಿಗೆ ಕನ್ನಡ ಬರುವುದಿಲ್ಲ. ಆದರೂ ದಿನಾ ಬಂದು ಕೂರುತ್ತಾರೆ. ಎಷ್ಟೋ ಧಾರಾವಾಹಿಗಳ ಕತೆ ಮರಾಠಿಯಿಂದ ಕನ್ನಡಕ್ಕೆ, ಕನ್ನಡದಿಂದ ಮರಾಠಿಗೆ ಓಡಾಡುತ್ತಲೇ ಇರುತ್ತದಲ್ವಾ? ಹಾಗಾಗಿ ಮುಂದೇನಾಗುತ್ತದೆ ಅಂತ ಆಜಿಗೆ ಮೊದಲೇ ಗೊತ್ತಿರುತ್ತದೆ. ಹೇಳಬೇಡಿ ಅಂದರೂ ಹೇಳಿಬಿಡುತ್ತಾರೆ. ಅವ್ವ ತನ್ನ ಮುರುಕು ಮರಾಠಿಯಲ್ಲಿ ಬೈಯುತ್ತಾಳೆ. ಎಂಟು ಗಂಟೆಗೆ ಮರಾಠಿ ಚಾನೆಲ್ಲಿನ ಪಾಳಿ. ಆಗ ಅವ್ವ ಸೇಡು ತೀರಿಸಿಕೊಳ್ಳುತ್ತಾಳೆ.

ಅಷ್ಟರಲ್ಲಿ ಬೆಲ್ ಆಯಿತು. ನಾನು ಅಡುಗೆಮನೆಯಿಂದ ಕೈ ಒರೆಸಿಕೊಳ್ಳುತ್ತಾ ಬರುವುದರೊಳಗೆ ಆ ಹುಡುಗಿ ಚಂಗನೆ ಎದ್ದು, ಅವ್ವನ ತೊಡೆ ಮೇಲಿದ್ದ ರಿಮೋಟ್ ಕಸಿದು, ಟಿವಿ ಬಂದ್ ಮಾಡಿ, ಸೋಫಾದ ಹಿಂದೆ ಕುಕ್ಕರುಗಾಲಲ್ಲಿ ಕೂತುಬಿಟ್ಟಳು. ತುಟಿ ಮೇಲೆ ಬೆರಳು.

"ಏ ಯವ್ವಾ, ಯಾಕ ಬಂದ್ ಮಾಡಿದಿ? ಅಕಿ ಈಗ ಬಾಗಲಾ ತಗೀತಿದ್ಲು!" ಅವ್ವ ಕಿರುಚಿದಳು.

"ಶ್ಶ್! ಟಿವೀವಾಲೇ ಆಲೇ," ಅಂದಳು ಹುಡುಗಿ ಪಿಸುಮಾತಿನಲ್ಲಿ. ಟಿವಿಯವರು ಬಂದರು ಅಂತ. ಆಮೇಲೆ ನನ್ನ ಮುಖ ನೋಡಿ ಕೇಳಿದಳು: "ಕಾಕೂ, ನಿಮ್ಮ ಹತ್ರ ಲೈಸೆನ್ಸ್ ಇದೆಯಾ?"

ಮಜಾ ಅಂದರೆ, ಬಾಗಿಲು ತೆಗೆದರೆ ನಿಂತಿದ್ದವನು ನಿಜವಾಗಿಯೂ ಟಿವಿಯವನೇ. ತಿಂಗಳ ಹಣ ತೆಗೆದುಕೊಳ್ಳಲು ಬಂದಿದ್ದ ಕೇಬಲ್ ಹುಡುಗ. ಒದ್ದೆ ರೇನ್‌ಕೋಟ್, ಕೈಯಲ್ಲಿ ಪ್ಲಾಸ್ಟಿಕ್ ಚೀಲದೊಳಗೆ ಸುತ್ತಿದ ರಸೀದಿ ಪುಸ್ತಕ. ಒಳಗಿನಿಂದ ಮತ್ತೆ "ಲೈಸೆನ್ಸ್?" ಅಂತ ಕೇಳಿಸಿದ್ದೇ ತಡ, ಪಾಪ, ಪ್ಯಾಂಟಿನ ಹಿಂದಿನ ಜೇಬಿನಿಂದ ತನ್ನ ಡ್ರೈವಿಂಗ್ ಲೈಸೆನ್ಸ್ ತೆಗೆದು ನನಗೆ ತೋರಿಸಿದ. ಪುಣೆಯಲ್ಲಿ ಟೂ ವ್ಹೀಲರ್ ಓಡಿಸುವವರಿಗೆ ಆ ಶಬ್ದ ಕೇಳಿದರೆ ಕೈ ತಾನಾಗಿಯೇ ಜೇಬಿಗೆ ಹೋಗುತ್ತದೆ.

ನಾವೆಲ್ಲ ಹೊಟ್ಟೆ ಹುಣ್ಣಾಗುವಷ್ಟು ನಕ್ಕೆವು. ಆಜಿ ಮಾತ್ರ ನಗಲಿಲ್ಲ.

ಆಜಿಯ ಮಗ ಅಲ್ಲಿ ಸಾಫ್ಟ್‌ವೇರಿನವನು. ಅವನ ಮನೆಯಲ್ಲಿ ಟಿವಿ ಲೈಸೆನ್ಸ್ ಇಲ್ಲ. ಬ್ರಿಟನ್ನಿನಲ್ಲಿ ಟಿವಿ ನೋಡಬೇಕಾದರೆ ಮನೆಗೊಂದು ಲೈಸೆನ್ಸ್ ಬೇಕು. 2025ರ ಏಪ್ರಿಲ್‌ನಲ್ಲಿ ಅದು ವರ್ಷಕ್ಕೆ 174.50 ಪೌಂಡ್ ಆಯಿತು. ನಮ್ಮ ರೂಪಾಯಿಯಲ್ಲಿ ಹತ್ತಿರ ಹತ್ತಿರ 20 ಸಾವಿರ! ಬಿಬಿಸಿ ನಡೆಯುವುದು ಮುಖ್ಯವಾಗಿ ಈ ಹಣದಿಂದ. ಆದರೆ ನೀವು ಬಿಬಿಸಿ ನೋಡದಿದ್ದರೂ, ಬೇರೆ ಯಾವ ಚಾನೆಲ್ಲನ್ನೇ ಆಗಲಿ ಅದು ಪ್ರಸಾರವಾಗುವ ಹೊತ್ತಿಗೇ ನೋಡಿದರೆ ಲೈಸೆನ್ಸ್ ಬೇಕೇ ಬೇಕು. ಫೋನಿನಲ್ಲಿ ನೋಡಿದರೂ ಅಷ್ಟೇ. ಇಲ್ಲದೆ ಸಿಕ್ಕಿಬಿದ್ದರೆ ಕೋರ್ಟು, 1,000 ಪೌಂಡ್ ತನಕ ದಂಡ. ಕಪ್ಪು ಬಿಳುಪು ಟಿವಿಗೆ ಬೇರೆ ದರ, ಆಗ 58.50 ಪೌಂಡ್ ಇತ್ತು. ಅದನ್ನು ಇನ್ನೂ ಕೆಲವು ಸಾವಿರ ಮನೆಗಳವರು ಕಟ್ಟುತ್ತಾರಂತೆ. ಯಾರಪ್ಪಾ ಅವರು! ಒಮ್ಮೆ ಅವರ ಮನೆಗೆ ಹೋಗಿ ಟೀ ಕುಡಿದು ಬರಬೇಕು ಅನ್ನಿಸುತ್ತದೆ ನನಗೆ.

ಬರೀ ನೆಟ್‌ಫ್ಲಿಕ್ಸಿನಲ್ಲಿ ಸಿನಿಮಾ ನೋಡಿಕೊಂಡಿದ್ದರೆ ಲೈಸೆನ್ಸ್ ಬೇಡ. ಆಜಿಯ ಮಗ ಅದೇ ಗುಂಪಿನವನು. ಆದರೂ ಲೈಸೆನ್ಸ್ ಇಲ್ಲದ ಮನೆಗಳಿಗೆ ಕಾಗದ ಬರುತ್ತದೆ, ಕೆಲವೊಮ್ಮೆ ವಿಚಾರಿಸಲು ಮನುಷ್ಯರೇ ಬರುತ್ತಾರೆ. ಕೋರ್ಟಿನ ವಾರಂಟ್ ತಂದಿರದಿದ್ದರೆ ಬಾಗಿಲು ತೆಗೆಯಲೇಬೇಕು ಅಂತ ಕಾನೂನಿಲ್ಲ. ಹಾಗಾಗಿ ಅಪ್ಪ ಮಗಳಿಗೆ ಸುಮ್ನೆ ಒಂದು ಮಾತು ಹೇಳಿಟ್ಟಿದ್ದಾನೆ: ಟಿವಿಯವರು ಬಂದರೆ ಬಾಗಿಲು ತೆಗೆಯಬೇಡ. ಮಗು ಅದಕ್ಕೆ ತನ್ನದೂ ಸ್ವಲ್ಪ ಸೇರಿಸಿಕೊಂಡಿದೆ.

"ಅವನು ತಪ್ಪು ಮಾಡಿಲ್ಲ ಅಂತಾನೆ. ಹಾಗಾದ್ರೆ ಮಗು ಯಾಕೆ ಅಡಗಿ ಕೂರಬೇಕು?" ಆಜಿ ಅವತ್ತು ರಾತ್ರಿ ನನ್ನ ಹತ್ತಿರ ಮರಾಠಿಯಲ್ಲಿ ಹೇಳಿದ ಮಾತಿದು.

ಅವರಿಗೆ ಅಷ್ಟು ಚುಚ್ಚಿದ್ದಕ್ಕೆ ಕಾರಣವಿದೆ. ಆಜಿ ಅಂಚೆ ಕಚೇರಿಯಲ್ಲಿ ಗುಮಾಸ್ತೆಯಾಗಿದ್ದವರು. ನಮ್ಮ ದೇಶದಲ್ಲೂ ರೇಡಿಯೋಗೆ, ಟಿವಿಗೆ ಲೈಸೆನ್ಸ್ ಇತ್ತಲ್ಲ, ಅದನ್ನು ಪ್ರತಿವರ್ಷ ನವೀಕರಿಸುತ್ತಿದ್ದದ್ದು ಪೋಸ್ಟ್ ಆಫೀಸಿನಲ್ಲೇ. ರೇಡಿಯೋಗೆ ವರ್ಷಕ್ಕೆ 15 ರೂಪಾಯಿ, ಟಿವಿಗೆ 50. ಸಣ್ಣ ಪುಸ್ತಕದಲ್ಲಿ ಅದಕ್ಕೆಂದೇ ಇದ್ದ ಸ್ಟಾಂಪ್ ಅಂಟಿಸಿ, ಮೇಲೆ ತಾರೀಖಿನ ಮೊಹರು ಒತ್ತುವುದು. "ದಿನಕ್ಕೆ ಎಷ್ಟು ಒತ್ತಿದ್ದೇನೋ! ಇಲ್ಲಿ ಗಂಟು ಕಟ್ಟಿತ್ತು," ಅಂತ ಆಜಿ ಬಲಗೈಯ ಮಣಿಕಟ್ಟು ತೋರಿಸಿದರು. ಮುಂಬಯಿಯಲ್ಲಿ ದೂರದರ್ಶನ ಶುರುವಾದದ್ದು 1972ರ ಅಕ್ಟೋಬರ್ 2ರಂದು. ಮರುವರ್ಷ ಸಿಂಹಗಡದ ಮೇಲೆ ಮರುಪ್ರಸಾರದ ಗೋಪುರ ಎದ್ದು ಅದೇ ಕಾರ್ಯಕ್ರಮ ಪುಣೆಗೂ ಬಂತು. ಆಜಿ ಇದ್ದ ಸದಾಶಿವ ಪೇಟೆಯ ವಾಡೆಯಲ್ಲಿ ಒಂದೇ ಮನೆಗೆ ಟಿವಿ. ಲೈಸೆನ್ಸ್ ಒಂದು, ನೋಡುವವರು ಐವತ್ತು. ನಮ್ಮ ಬಾಲ್ಕನಿಯಿಂದ ಆ ಗೋಪುರ ಈಗಲೂ ಕಾಣುತ್ತದೆ, ಮೋಡ ಸರಿದರೆ.

ಅವತ್ತು ರಾತ್ರಿ ನನಗೆ ನಿದ್ದೆ ಬರಲಿಲ್ಲ. ಆಜಿಯ ಮಾತಿಗಿಂತ ಜಾಸ್ತಿ, ಆ ಹುಡುಗಿ ಸೋಫಾದ ಹಿಂದೆ ಕೂತದ್ದೇ ಕಣ್ಣ ಮುಂದೆ. ಯಾಕೆಂದರೆ ಅದೇ ವಯಸ್ಸಿನಲ್ಲಿ ನಾನು ಮಾಡಿದ್ದು ಪೂರ್ತಿ ಉಲ್ಟಾ.

1979. ವಿಜಾಪುರದ ಕಡೆ ನಮ್ಮ ಹಳ್ಳಿ. ಅಪ್ಪ ಸಾಲಿ ಮಾಸ್ತರ. ನಮ್ಮ ರೇಡಿಯೋ ಪಡಸಾಲೆಯ ಗೂಡಿನಲ್ಲಿ, ಅವ್ವ ಹೆಣೆದ ಕೆಂಪು ಉಣ್ಣೆಯ ಹೊದಿಕೆ ಹೊದ್ದು, ದೇವರ ಪಕ್ಕದಲ್ಲೇ ಕೂತಿತ್ತು. ಅದರ ಅಡಿಯಲ್ಲಿ ಲೈಸೆನ್ಸ್ ಪುಸ್ತಕ. ಅಪ್ಪ ತಪ್ಪದೆ 15 ರೂಪಾಯಿ ಕಟ್ಟುತ್ತಿದ್ದ. ಕಟ್ಟಿದ್ದಕ್ಕೆ ಅವನಿಗೊಂದು ಗತ್ತೂ ಇತ್ತು. ಒಮ್ಮೆ ರೇಡಿಯೋ ಕೇಂದ್ರಕ್ಕೆ ಕಾರ್ಡು ಬರೆದ: ಪೇಟೆ ಧಾರಣೆ ಸ್ವಲ್ಪ ನಿಧಾನ ಓದಿರಿ, ನಮ್ಮ ರೈತರು ಬರೆದುಕೊಳ್ಳಬೇಕು. ಅವ್ವ ನಕ್ಕಿದ್ದಳು. "ಯಾಕ ನಗತಿ? ಹದಿನೈದು ರೂಪಾಯಿ ಕಟ್ಟೀನಿ. ಕೇಳೂದಕ್ಕ ಹಕ್ಕೈತಿ," ಅಂದಿದ್ದ ಅಪ್ಪ. ಆಮೇಲೆ ಪತ್ರಗಳಿಗೆ ಉತ್ತರ ಕೊಡುವ ಹೊತ್ತಿನಲ್ಲಿ ಅವನ ಹೆಸರು ರೇಡಿಯೋದಲ್ಲಿ ಬಂತು. ಓಣಿಗೆ ಓಣಿಯೇ ನಮ್ಮ ಕಟ್ಟೆ ಮೇಲಿತ್ತು ಅವತ್ತು.

ಹಿಂದಿನ ಓಣಿಯಲ್ಲಿ ನಮ್ಮ ಕಾಕಾನ ಮನೆ. ಅವನ ಹತ್ತಿರ ಒಂದು ಟ್ರಾನ್ಸಿಸ್ಟರ್. ಲೈಸೆನ್ಸ್ ಇಲ್ಲ. ಯಾರೋ ತಪಾಸಣೆಗೆ ಬಂದರಂತೆ ಅಂತ ಸುದ್ದಿ ಬಂದರೆ ಸಾಕು, ಅದು ಜೋಳದ ಚೀಲಗಳ ಹಿಂದೆ ಹೋಗುತ್ತಿತ್ತು.

ಒಂದು ದಿನ ಲೈಸೆನ್ಸ್ ಇನ್ಸ್‌ಪೆಕ್ಟರ್ ಬಸ್ಸಿಳಿದು ಬಂದರು. ಧೂಳು ಹಿಡಿದ ಕರಿ ಬೂಟು, ಬಗಲಲ್ಲಿ ಚರ್ಮದ ಚೀಲ. ನಮ್ಮ ಕಟ್ಟೆ ಮೇಲೆ ಕೂತು ಚಹಾ ಕುಡಿದರು. ಅಪ್ಪ ಪುಸ್ತಕ ತೋರಿಸಿದ. ಸಾಹೇಬರು ಒಂದೊಂದೇ ಪುಟ ತಿರುವಿ, "ಭೇಷ್ ಮಾಸ್ತರ," ಅಂದರು. ನನಗೆ ಎಷ್ಟು ಹೆಮ್ಮೆ! ಅವರು ನನ್ನ ಜಡೆ ಹಿಡಿದು ಮೆಲ್ಲಗೆ ಕೇಳಿದರು, "ಮತ್ತ ಯಾರ ಮನ್ಯಾಗ ರೇಡಿಯೋ ಐತಿ, ತಂಗಿ?"

"ನಮ್ಮ ಕಾಕಾನ ಮನ್ಯಾಗ ಐತ್ರಿ! ಜ್ವಾಳದ ಚೀಲದ ಹಿಂದ ಇಟ್ಟಾರ್ರಿ!"

ಅಪ್ಪನ ಕೈಯಲ್ಲಿದ್ದ ಚಹಾದ ಬಸಿ ಅಲ್ಲೇ ನಿಂತಿತು. ಅವನ ಮುಖ ಇವತ್ತಿಗೂ ನೆನಪಿದೆ. ನಗಬೇಕೋ ನನಗೆ ಎರಡು ಬಿಗಿಯಬೇಕೋ ತಿಳಿಯದ ಮುಖ.

ಕಾಕಾ ದಂಡ ಕಟ್ಟಿದ, ಲೈಸೆನ್ಸೂ ತೆಗೆಸಿದ. ತಿಂಗಳುಗಟ್ಟಲೆ ನನ್ನ ಕೂಡ ಮಾತಾಡಲಿಲ್ಲ. ಕೆಲವೇ ವರ್ಷಗಳಲ್ಲಿ, 80ರ ದಶಕದ ನಡುವೆ, ಸರಕಾರ ರೇಡಿಯೋ ಟಿವಿ ಎರಡರ ಲೈಸೆನ್ಸನ್ನೂ ತೆಗೆದುಹಾಕಿತು. ಅವತ್ತಿನಿಂದ ಶುರುವಾಯಿತು ನೋಡಿ ಕಾಕಾನ ವಸೂಲಿ. ನನ್ನ ಮದುವೆಯಲ್ಲಿ ಅಕ್ಷತೆ ಹಾಕುವಾಗಲೂ ಕಿವಿಯಲ್ಲಿ ಹೇಳಿದ್ದು ಒಂದೇ ಮಾತು: "ನನ್ನ ಹದಿನೈದು ರೂಪಾಯಿ ಬಾಕಿ ಐತಿ."

ಈ ಕಾಕಾನೇ ನಮ್ಮ ಊರಲ್ಲಿ ಮೊದಲು ಟಿವಿ ನೋಡಿದವನು. 1975ರ ಆಗಸ್ಟ್‌ನಿಂದ ಒಂದು ವರ್ಷ, ಎಟಿಎಸ್-6 ಅನ್ನುವ ಅಮೆರಿಕದ ಉಪಗ್ರಹದ ಮೂಲಕ ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ಟಿವಿ ತೋರಿಸಿದ್ದರಲ್ಲ, ಅದರಲ್ಲಿ ನಮ್ಮ ವಿಜಾಪುರ, ಗುಲ್ಬರ್ಗಾ, ರಾಯಚೂರು ಕಡೆಯ ಹಳ್ಳಿಗಳೂ ಇದ್ದವು. ನಮ್ಮೂರಿಗೆ ಬರಲಿಲ್ಲ. ಪಕ್ಕದ ಊರಿಗೆ ಬಂದಿತ್ತು. ಕಾಕಾ ಸೈಕಲ್ ತುಳಿದು ಹೋಗುತ್ತಿದ್ದ. ಕೋಳಿಗೂಡಿಗೆ ಬಡಿಯುವ ಜಾಳಿಗೆ ತಂತಿಯಿಂದ ಮಾಡಿದ ದೊಡ್ಡ ಛತ್ರಿ, ಊರಿಗೆಲ್ಲ ಒಂದೇ ಟಿವಿ. ಯಾರ ಲೈಸೆನ್ಸನ್ನೂ ಯಾರೂ ಕೇಳಲಿಲ್ಲ. ಬೆಂಗಳೂರಿಗೆ ದೂರದರ್ಶನ ಬಂದದ್ದು 1981ರಲ್ಲಿ. ಅಂದರೆ ನಮ್ಮ ಹಳ್ಳಿ ಮಂದಿ ಬೆಂಗಳೂರಿಗಿಂತ ಆರು ವರ್ಷ ಮುಂದೆ! ಬೆಂಗಳೂರಿನ ನೆಂಟರು ಜಾಸ್ತಿ ಮಾತಾಡಿದಾಗ ಇದೊಂದನ್ನು ಹೊರಗೆ ತೆಗೆಯುತ್ತೇನೆ.

ಈಗ ಲೈಸೆನ್ಸ್ ಇಲ್ಲ, ಆದರೆ ಹಣ ಕಟ್ಟುವುದು ತಪ್ಪಿದೆಯಾ? 2019ರಲ್ಲಿ ಟ್ರಾಯ್, ಅಂದರೆ ಫೋನು, ಕೇಬಲ್ ಟಿವಿಗೆಲ್ಲ ನಿಯಮ ಹಾಕುವ ಸರಕಾರಿ ಸಂಸ್ಥೆ, ಹೊಸ ನಿಯಮ ತಂದಾಗ ಮೊದಲ 100 ಚಾನೆಲ್ಲಿಗೆ ತಿಂಗಳಿಗೆ 130 ರೂಪಾಯಿ, ತೆರಿಗೆ ಸೇರಿ 153 ರೂಪಾಯಿ 40 ಪೈಸೆ ಅಂತಾಯಿತು. ಅದರ ಮೇಲೆ ಬೇಕಾದ ಚಾನೆಲ್ಲಿಗೆ ಬೇರೆ. ನಮ್ಮ ಕೇಬಲ್ ಹುಡುಗ ಅವತ್ತೇ ಹೇಳಿದ್ದ, "ಕಾಕೂ, ಕನ್ನಡಾ ಪ್ಯಾಕ್ ವೇಗಳಾ." ಅವ್ವನ ಕನ್ನಡಕ್ಕೆ ಇಲ್ಲಿ ಬೇರೆ ದರ. ಕಟ್ಟುತ್ತೇನೆ, ಬೇಜಾರಿಲ್ಲ. ಬೇಜಾರಾಗುವುದು ಬೆಂಗಳೂರಿನ ತಂಗಿಯ ಮನೆಗೆ ಹೋದಾಗ. ಗೋಡೆ ತುಂಬ ಟಿವಿ, ಅದರಲ್ಲಿ ಯಾವುದೋ ಸುದ್ದಿ ಚಾನೆಲ್ ಕೂಗಾಡುತ್ತಿರುತ್ತದೆ, ಎದುರಿಗೆ ನಾಲ್ಕು ಜನ ನಾಲ್ಕು ಫೋನು ನೋಡುತ್ತಿರುತ್ತಾರೆ. ಇಷ್ಟು ಕೂಗಬೇಡ್ರಪ್ಪಾ ಅಂತ ಒಂದು ಕಾರ್ಡು ಬರೆಯೋಣ ಅಂದರೆ ಯಾರಿಗೆ ಬರೆಯುವುದು? ಕೇಬಲ್ ಹುಡುಗನಿಗೆ ಹೇಳಿದರೆ ರಸೀದಿ ಹರಿದು ಕೊಟ್ಟು ಹೋಗುತ್ತಾನೆ.

ಸ್ವಿಟ್ಜರ್ಲೆಂಡಿನಲ್ಲಿ 2018ರ ಮಾರ್ಚಿನಲ್ಲಿ ಜನರನ್ನೇ ಕೇಳಿದರಂತೆ, ರೇಡಿಯೋ, ಟಿವಿಗೆ ಕಟ್ಟುವ ಲೈಸೆನ್ಸ್ ಶುಲ್ಕ ತೆಗೆದುಹಾಕೋಣವಾ ಅಂತ. ನೂರಕ್ಕೆ 71ಕ್ಕೂ ಹೆಚ್ಚು ಮಂದಿ, ಬೇಡ, ಇರಲಿ, ಕಟ್ಟುತ್ತೇವೆ ಅಂತ ಮತ ಹಾಕಿದರು. ಓದಿದಾಗ ನಂಬಿಕೆಯೇ ಬರಲಿಲ್ಲ. ಅಪ್ಪನಿಗೆ ಹೇಳಿದ್ದರೆ ನಂಬುತ್ತಿದ್ದನೇನೋ. ಜರ್ಮನಿಯಲ್ಲಂತೂ 2013ರಿಂದ ಮನೆಯಲ್ಲಿ ಟಿವಿ ಇರಲಿ ಬಿಡಲಿ, ಮನೆಗಿಷ್ಟು ಅಂತ ಕಟ್ಟಬೇಕು, ತಿಂಗಳಿಗೆ 18.36 ಯೂರೋ. ಅಡಗಿ ಕೂರುವ ಪ್ರಶ್ನೆಯೇ ಇಲ್ಲ. ಜಪಾನಿನಲ್ಲಿ ಈ ಶುಲ್ಕದ ಮೇಲಿನ ಸಿಟ್ಟಿಗೆ ಒಂದು ಪಕ್ಷವೇ ಹುಟ್ಟಿ, 2019ರಲ್ಲಿ ಸಂಸತ್ತಿನ ಮೇಲ್ಮನೆಯಲ್ಲಿ ಒಂದು ಸೀಟನ್ನೂ ಗೆದ್ದಿತು. ಇದನ್ನು ಕಾಕಾನಿಗೆ ಹೇಳಿದರೆ ಅವನು ಆ ಪಕ್ಷಕ್ಕೇ ಸೇರುತ್ತಾನೆ.

ಹುಡುಗಿ ವಾಪಸ್ ಹೋಗುವ ಹಿಂದಿನ ದಿನ ಆಜಿ ಅವಳನ್ನು ಕೂರಿಸಿಕೊಂಡು ಹಳೇ ಪೆಟ್ಟಿಗೆಯಿಂದ ತಮ್ಮ ಮನೆಯದೇ ಒಂದು ಲೈಸೆನ್ಸ್ ಪುಸ್ತಕ ತೆಗೆದು ತೋರಿಸಿದರು. ಹಳದಿಯಾದ ಹಾಳೆ, ಮಾಸಿದ ಮೊಹರು. ಹುಡುಗಿ ಒಂದೊಂದೇ ಸ್ಟಾಂಪ್ ಮೇಲೆ ಬೆರಳಾಡಿಸಿ, "ಆಜಿ, ನೀನೇ ಟಿವೀವಾಲಿಯಾ?" ಅಂತ ಕೇಳಿದಳು. ಕಣ್ಣು ಇಷ್ಟಗಲ. ಆಜಿ ಆಗ ನಕ್ಕರು.

ನಾನು ಊರಿಗೆ ಫೋನ್ ಮಾಡಿದೆ. ಕಾಕಾನಿಗೆ ಈಗ 74. ಮಾಳಿಗೆ ಮೇಲೆ ಡಿಡಿ ಫ್ರೀ ಡಿಶ್ ಹಾಕಿಸಿಕೊಂಡು, ತಿಂಗಳಿಗೆ ನಯಾಪೈಸೆ ಕೊಡದೆ ಟಿವಿ ನೋಡುತ್ತಾನೆ. ಹುಡುಗಿ ಸೋಫಾದ ಹಿಂದೆ ಅಡಗಿದ್ದನ್ನು ಹೇಳಿದೆ. ಆ ಕಡೆಯಿಂದ ಕೆಮ್ಮು ಬರುವಷ್ಟು ನಗು.

"ಶ್ಯಾಣ್ಯಾಕಿ ಅದಾಳವಾ ಆ ಹುಡುಗಿ. ನಿನ್ನಂಗಲ್ಲ."

"ಕಾಕಾ, ಇನ್ನಾದ್ರೂ ಬಿಡ್ರಿ ಅದನ್ನ."

"ಹೆಂಗ್ ಬಿಡ್ಲಿ? ಬಾಕಿ ಅಂದ್ರ ಬಾಕಿ."

ಮರುದಿನ ಬೆಳಿಗ್ಗೆ ಅವನ ಮೊಮ್ಮಗನ ನಂಬರಿಗೆ 15 ರೂಪಾಯಿ ಫೋನ್‌ಪೇ ಮಾಡಿದೆ. ಕೆಳಗೆ 'ರೇಡಿಯೋ ಲೈಸೆನ್ಸ್' ಅಂತ ಬರೆದೆ. ಹತ್ತು ನಿಮಿಷಕ್ಕೆ ಕಾಕಾನ ಫೋನು.

"ಮುಟ್ಟಿತವಾ. ದಂಡದ ರೊಕ್ಕಾ ಯಾವಾಗ ಕಳಸ್ತಿ?"