ಮಧ್ಯಾಹ್ನ ಮೂರೂ ಮುಕ್ಕಾಲಿಗೆ ಕೋಳಿ ಕವುಚುವ ಊರು

ಹಾಸನ ಜಿಲ್ಲೆಯ ನಮ್ಮೂರಲ್ಲಿ ಕೋಳಿ ಕವುಚುವ ಕೆಲಸ ಅಜ್ಜಿಯದು. ದೀಪ ಹಚ್ಚುವ ಹೊತ್ತಿಗೆ ಕೋಳಿಗಳು ತಾವಾಗೇ ಜಗಲಿಯ ಮೂಲೆಗೆ ಬಂದು ಸೇರುತ್ತಿದ್ದವು. ಅಜ್ಜಿ ಒಂದೊಂದನ್ನೇ ಎಣಿಸಿ, ಮಂಕರಿ ಕವುಚಿ, ಅದರ ಮೇಲೊಂದು ಕಲ್ಲು ಇಡುತ್ತಿದ್ದಳು. ಕಾಡುಬೆಕ್ಕಿನ ಕಾಟ ಇದ್ದ ಊರು. ಅಜ್ಜಿ ಕಲ್ಲು ಇಡದ ದಿನ ನನಗೆ ನೆನಪಿಲ್ಲ.

ಅಲ್ಲಿ ಡಿಸೆಂಬರ್‌ನಲ್ಲಿ ಹೊತ್ತು ಮುಳುಗುವುದು ಆರರ ಸುಮಾರಿಗೆ. ಜೂನ್‌ನಲ್ಲಿ ಏಳಕ್ಕೆ ಸ್ವಲ್ಪ ಮುಂಚೆ. ಒಂದು ಗಂಟೆ ಆಚೀಚೆ, ಅಷ್ಟೇ. ನಾವೀಗ ಇರುವುದು ಇಂಗ್ಲೆಂಡಿನ ಲೀಡ್ಸ್‌ನಲ್ಲಿ. ಇಲ್ಲಿ ಜೂನ್ ಕೊನೆಯಲ್ಲಿ ರಾತ್ರಿ 9:40ರವರೆಗೂ ಬಿಸಿಲಿರುತ್ತದೆ. ಡಿಸೆಂಬರ್‌ನಲ್ಲಿ ಮಧ್ಯಾಹ್ನ 3:45ಕ್ಕೇ ಸೂರ್ಯ ಮುಳುಗುತ್ತಾನೆ. ಕೋಳಿಗೆ ಗಡಿಯಾರ ಗೊತ್ತಿಲ್ಲ. ಬೆಳಕು ಕಡಿಮೆಯಾದರೆ ಗೂಡಿಗೆ ಹೋಗುತ್ತದೆ. ಮೂರೂ ಮುಕ್ಕಾಲಿಗೆ ಯಾರ ಮನೆಯಲ್ಲಿ ಜನ ಇರುತ್ತಾರೆ ಹೇಳಿ? ನಾನು ಆಫೀಸಿನಲ್ಲಿ, ಹೆಂಡತಿ ಆಸ್ಪತ್ರೆಯ ಶಿಫ್ಟ್‌ನಲ್ಲಿ, ಮಗಳು ಸ್ಕೂಲು ಮುಗಿಸಿ ಗೆಳತಿಯ ಮನೆಯಲ್ಲಿ.

ಕೋಳಿ ತಂದದ್ದು ಮಗಳ ಆಸೆಗೆ. ಇಲ್ಲಿ ದೊಡ್ಡ ಫಾರ್ಮ್‌ಗಳಲ್ಲಿ ಕೋಳಿಗೆ ಒಂದೂವರೆ ವರ್ಷ ಆಗುತ್ತಿದ್ದಂತೆ ಮೊಟ್ಟೆ ಕಡಿಮೆಯಾಯಿತು ಅಂತ ಮಾಂಸಕ್ಕೆ ಕಳಿಸುತ್ತಾರೆ. ಅಂಥ ಕೋಳಿಗಳನ್ನು ಬಿಡಿಸಿಕೊಂಡು ಬಂದು ಮನೆಗಳಿಗೆ ಕೊಡುವ ಸಂಸ್ಥೆಗಳಿವೆ. ನಮಗೆ ಐದು ಕಂದು ಕೋಳಿ ಸಿಕ್ಕವು. ಬಂದಾಗ ಅರ್ಧ ಪುಕ್ಕ ಉದುರಿತ್ತು. ಎರಡು ತಿಂಗಳಲ್ಲಿ ಮೈತುಂಬ ಪುಕ್ಕ ಬಂದು, ಹಿತ್ತಲಲ್ಲಿ ಮಣ್ಣು ಕೆದರಿಕೊಂಡು ಓಡಾಡತೊಡಗಿದವು. ಒಂದೇ ಕೋಳಿ ಸಾಕಿದರೂ ಸರ್ಕಾರದಲ್ಲಿ ನೋಂದಣಿ ಮಾಡಿಸಲೇಬೇಕು, 2024ರ ಅಕ್ಟೋಬರ್ 1ರಿಂದ ಬಂದ ನಿಯಮ, ಹಕ್ಕಿಜ್ವರದ ಭಯಕ್ಕೆ. ಅಡುಗೆಮನೆಗೆ ಹೋದ ತರಕಾರಿ ಸಿಪ್ಪೆಯನ್ನೂ ಕೋಳಿಗೆ ಹಾಕುವಂತಿಲ್ಲ. ಇದನ್ನು ಅಮ್ಮನಿಗೆ ಹೇಳಿದರೆ ಈಗಲೂ ನಂಬುವುದಿಲ್ಲ.

ಆ ಚಳಿಗಾಲ ಗೂಡಿನ ಬಾಗಿಲು ಹಾಕುತ್ತಿದ್ದದ್ದು ನಾನು, ಆಫೀಸಿನಿಂದ ಬಂದ ಮೇಲೆ, ಐದೂವರೆಗೆ. ಅಂದರೆ ಹೆಚ್ಚು ಕಡಿಮೆ ಒಂದೂವರೆ ಗಂಟೆ ಕತ್ತಲಲ್ಲಿ ಬಾಗಿಲು ತೆರೆದೇ ಇರುತ್ತಿತ್ತು. ಏನೂ ಆಗಿರಲಿಲ್ಲ, ಹಾಗಾಗಿ ಏನೂ ಆಗುವುದಿಲ್ಲ ಅಂದುಕೊಂಡಿದ್ದೆ. ಒಂದು ದಿನ ರೈಲು ತಡವಾಯಿತು. ಮನೆ ಸೇರಿದಾಗ ಏಳು. ಟಾರ್ಚ್ ಹಿಡಿದು ಹೋದರೆ ಹಿತ್ತಲ ತುಂಬ ಪುಕ್ಕ. ಗೂಡಿನೊಳಗೆ ಮೂರು ಸತ್ತು ಬಿದ್ದಿದ್ದವು. ನಾಲ್ಕನೆಯದು ಇರಲೇ ಇಲ್ಲ. ಐದನೆಯದು ಮೊಟ್ಟೆ ಇಡುವ ಪೆಟ್ಟಿಗೆಯ ಮೂಲೆಯಲ್ಲಿ ಮುದುಡಿ ಕೂತಿತ್ತು, ಮುಟ್ಟಿದರೂ ಅಲುಗಲಿಲ್ಲ.

ಇಲ್ಲಿನ ನರಿಗಳು ಊರೊಳಗೇ ಇರುತ್ತವೆ. ಬೇಲಿ ಹಾರುತ್ತವೆ, ನೆಲ ತೋಡುತ್ತವೆ. ಗೂಡಿಗೆ ನುಗ್ಗಿದರೆ ಒಂದನ್ನು ಹಿಡಿದು ಸುಮ್ಮನಾಗುವುದಿಲ್ಲ, ಸಿಕ್ಕಿದ್ದನ್ನೆಲ್ಲ ಕೊಂದು, ಹೊತ್ತೊಯ್ಯಲು ಆದಷ್ಟನ್ನು ಒಯ್ಯುತ್ತವೆ. ಕೋಳಿಗೆ ಕತ್ತಲಲ್ಲಿ ಕಣ್ಣು ಕಾಣುವುದಿಲ್ಲ. ಕೂತಲ್ಲೇ ಸಾಯುತ್ತದೆ. ಮಗಳಿಗೆ ಏನು ಹೇಳಲಿ ಅಂತ ಹೊಳೆಯದೆ ಬಹಳ ಹೊತ್ತು ಹಿತ್ತಲಲ್ಲೇ ನಿಂತಿದ್ದೆ.

ಪಕ್ಕದ ಮನೆಯ ಅಜ್ಜಿ ಮೂವತ್ತು ವರ್ಷದಿಂದ ಕೋಳಿ ಸಾಕುತ್ತಿದ್ದಾರೆ. ಬೈಯಲಿಲ್ಲ. ಕರೆದುಕೊಂಡು ಹೋಗಿ ತಮ್ಮ ಗೂಡಿನ ಬಾಗಿಲು ತೋರಿಸಿದರು. ಒಂದು ಅಂಗೈಯಷ್ಟು ಪೆಟ್ಟಿಗೆ, ಅದರೊಳಗೆ ಮೋಟಾರು, ಬ್ಯಾಟರಿ, ಬೆಳಕು ಅಳೆಯುವ ಸೆನ್ಸರ್. ಕತ್ತಲಾಗುತ್ತಿದ್ದಂತೆ ಅಲ್ಯೂಮಿನಿಯಂ ತಗಡಿನ ಬಾಗಿಲು ಎರಡು ಹಳಿಗಳ ನಡುವೆ ಮೆಲ್ಲಗೆ ಕೆಳಗಿಳಿಯುತ್ತದೆ. ಬೆಳಗಾದರೆ ಮೇಲೇರುತ್ತದೆ. ಮುಚ್ಚುವಾಗ ಕೋಳಿ ಅಡ್ಡ ಬಂದರೆ ನಿಂತು ವಾಪಸ್ ಮೇಲೆ ಹೋಗುತ್ತದೆ. ಕೊಳ್ಳುವಾಗ ಮುಖ್ಯವಾಗಿ ನೋಡಬೇಕಾದ್ದು, ಕೆಳಗಿಳಿದ ಬಾಗಿಲು ಅಲ್ಲೇ ಲಾಕ್ ಆಗುತ್ತದೋ ಇಲ್ಲವೋ ಅಂತ. ಬರೀ ದಾರದಲ್ಲಿ ತೂಗುವ ಹಗುರ ಬಾಗಿಲನ್ನು ನರಿ ಮೂತಿಯಿಂದ ಎತ್ತಿಬಿಡಬಹುದು. ನಾನು 140 ಪೌಂಡ್ ಕೊಟ್ಟೆ, ನಮ್ಮ ದುಡ್ಡಿನಲ್ಲಿ ಹದಿನಾರು ಸಾವಿರದ ಹತ್ತಿರ. ಜಾಸ್ತಿ ಅಂತ ಒಂದು ದಿನವೂ ಅನ್ನಿಸಲಿಲ್ಲ.

ಸೆಟ್ಟಿಂಗ್ ಕೂರಿಸಲು ಒಂದು ವಾರ ಹಿಡಿಯಿತು. ಮೊದಲು ಸಂಜೆಗೂ ಬೆಳಿಗ್ಗೆಗೂ ಟೈಮರ್ ಇಟ್ಟಿದ್ದೆ. ಅದು ಇಲ್ಲಿ ನಡೆಯುವುದಿಲ್ಲ, ಹದಿನೈದು ದಿನಕ್ಕೊಮ್ಮೆ ಬದಲಿಸುತ್ತಿರಬೇಕು. ಸಾಲದ್ದಕ್ಕೆ ಮಾರ್ಚ್ ಮತ್ತು ಅಕ್ಟೋಬರ್ ಕೊನೆಯ ಭಾನುವಾರ ದೇಶದ ಗಡಿಯಾರವನ್ನೇ ಒಂದು ಗಂಟೆ ಹಿಂದೆ ಮುಂದೆ ಮಾಡುತ್ತಾರೆ. ಹಾಗಾಗಿ ಮುಚ್ಚುವುದಕ್ಕೆ ಸೆನ್ಸರ್, ತೆರೆಯುವುದಕ್ಕೆ ಟೈಮರ್. ಜೂನ್‌ನಲ್ಲಿ ಬೆಳಿಗ್ಗೆ ನಾಲ್ಕಕ್ಕೇ ಬೆಳಕು ಹರಿಯುತ್ತದೆ. ಆಗ ಬಾಗಿಲು ತೆರೆದರೆ ಮನೆಯವರೆಲ್ಲ ನಿದ್ದೆಯಲ್ಲಿ, ನರಿ ಮಾತ್ರ ಎಚ್ಚರ. ನಮ್ಮದು ಏಳಕ್ಕೆ ಮುಂಚೆ ತೆರೆಯುವುದಿಲ್ಲ.

ಆಮೇಲೆ ಹೊಸದಾಗಿ ನಾಲ್ಕು ಕೋಳಿ ತಂದೆವು. ಅವಕ್ಕೆ ಕತ್ತಲಾದರೆ ಒಳಗೆ ಹೋಗಬೇಕು ಅಂತಲೇ ಗೊತ್ತಿರಲಿಲ್ಲ. ಬಾಗಿಲು ಸಮಯಕ್ಕೆ ಸರಿಯಾಗಿ ಮುಚ್ಚಿತು, ಕೋಳಿಗಳು ಹೊರಗೆ ಗೋಡೆಗೆ ಒರಗಿ ಕೂತಿದ್ದವು! ಒಂದು ವಾರ ರಜೆ ಹಾಕಿ ಸಂಜೆ ಒಂದೊಂದನ್ನೇ ಎತ್ತಿ ಒಳಗೆ ಕೂರಿಸಿದೆ. ಹಳೆಯ ಕೋಳಿಯನ್ನು ನೋಡಿ ಮೆಲ್ಲಗೆ ಕಲಿತವು. ಜನವರಿಯಲ್ಲಿ ಒಮ್ಮೆ ಹಳಿಯಲ್ಲಿ ನೀರು ಹೆಪ್ಪುಗಟ್ಟಿ ಬಾಗಿಲು ತೆರೆಯಲೇ ಇಲ್ಲ. ಇನ್ನೊಮ್ಮೆ ಕೆಳಗೆ ಹುಲ್ಲು ಸಿಕ್ಕಿಕೊಂಡು ಎರಡು ಬೆರಳಷ್ಟು ಸಂದು ಉಳಿಯಿತು. ಈಗ ದಿನಾ ಬೆಳಿಗ್ಗೆ ಬಟ್ಟೆಯಲ್ಲಿ ಹಳಿ ಒರೆಸುತ್ತೇನೆ.

ಬಾಗಿಲು ಹಾಕಿಸಿ ಗೂಡು ಭದ್ರ ಅಂದುಕೊಳ್ಳುವವರಿಗೆ ಒಂದು ಮಾತು. ಷಟ್ಕೋನದ ತೆಳು ಕೋಳಿಬಲೆ ಕೋಳಿಯನ್ನು ಒಳಗಿಡುತ್ತದೆ, ನರಿಯನ್ನು ಹೊರಗಿಡುವುದಿಲ್ಲ. ಅದನ್ನು ಕಚ್ಚಿ ಹರಿಯುತ್ತದೆ. ಬೆಸುಗೆ ಹಾಕಿದ ಗಟ್ಟಿ ಜಾಲರಿಯೇ ಬೇಕು. ಅದನ್ನು ಸುತ್ತಲೂ ನೆಲದ ಮೇಲೆ ಎರಡಡಿ ಹೊರಗೆ ಹಾಸಿದರೆ ತೋಡಲೂ ಆಗುವುದಿಲ್ಲ. ವಸಂತದಲ್ಲಿ ಮರಿ ಹಾಕಿದ ಹೆಣ್ಣು ನರಿ ಹಟ್ಟಹಗಲೇ ಬೇಟೆಗೆ ಬರುತ್ತದೆ, ಆಗ ಬಾಗಿಲು ತೆರೆದೇ ಇರುತ್ತದಲ್ವಾ.

ಆ ಬಾಗಿಲಿಗೆ ಎಣಿಸಲು ಬರುವುದಿಲ್ಲ. ಅದಕ್ಕೇ ಗೂಡಿನೊಳಗೆ ಒಂದು ಸಣ್ಣ ಕ್ಯಾಮೆರಾ ಇಟ್ಟೆವು. ಡಿಸೆಂಬರ್‌ನಲ್ಲಿ ಇಲ್ಲಿ ಬಾಗಿಲು ಮುಚ್ಚುವ ಹೊತ್ತಿಗೆ ಊರಿನಲ್ಲಿ ರಾತ್ರಿ ಒಂಬತ್ತೂವರೆ. ಅಮ್ಮ ಊಟ ಮುಗಿಸಿ, ಮಲಗುವ ಮುಂಚೆ ಫೋನ್ ತೆಗೆದು ಕೋಳಿ ನೋಡುತ್ತಾರೆ. ಮೊನ್ನೆ ನಾನು ಮೀಟಿಂಗ್‌ನಲ್ಲಿದ್ದಾಗ ಅವರ ಫೋನು ಬಂತು.

"ನಾಲ್ಕೇ ಕಾಣ್ತಾ ಇವೆ ಕಣೋ. ಇನ್ನೊಂದು ಎಲ್ಲಿ?"

ಪಕ್ಕದ ಮನೆ ಅಜ್ಜಿಗೆ ಫೋನ್ ಮಾಡಿದೆ. ಅವರು ಟಾರ್ಚ್ ಹಿಡಿದು ಹೋಗಿ ನೋಡಿದರು. ಹಳೆಯ ಕೋಳಿ ಕ್ಯಾಮೆರಾಕ್ಕೆ ಕಾಣದ ಹಾಗೆ ಮೊಟ್ಟೆ ಪೆಟ್ಟಿಗೆಯಲ್ಲಿ ಕೂತಿತ್ತು, ಅದೇ ಮೂಲೆಯಲ್ಲಿ. ಅಮ್ಮನಿಗೆ ತಿಳಿಸಿದೆ. ಐದೂ ಇವೆ ಅಂತ ಇನ್ನೊಮ್ಮೆ ನನ್ನ ಬಾಯಲ್ಲಿ ಹೇಳಿಸಿಕೊಂಡ ಮೇಲೆ ಫೋನ್ ಇಟ್ಟು ಮಲಗಿದರು.