8 ಕಿಲೋ ಪ್ಲುಟೋನಿಯಂ ಕಳೆದರೆ ಅಲಾರಂ ಹೊಡೆಯಬೇಕಾದ್ದು ಎಲ್ಲಿ?

ಅಣು ಸಾಮಗ್ರಿಯ ಲೆಕ್ಕ ತಾಳೆ ನೋಡುವುದು ನನ್ನ ಕೆಲಸ. ತಂಡಕ್ಕೆ ಹೊಸದಾಗಿ ಬಂದವರು ಮೊದಲು ಕಲಿಯುವುದು ಐಎಇಎ (ಅಂತಾರಾಷ್ಟ್ರೀಯ ಅಣುಶಕ್ತಿ ಸಂಸ್ಥೆ) ಗೊತ್ತು ಮಾಡಿರುವ ಅಂಕಿಗಳನ್ನು. ಪ್ಲುಟೋನಿಯಂ ಆದರೆ 8 ಕಿಲೋ. ಹೆಚ್ಚು ಸಮೃದ್ಧಗೊಳಿಸಿದ ಯುರೇನಿಯಂ ಆದರೆ ಅದರೊಳಗಿನ ಯುರೇನಿಯಂ-235 (ಬಾಂಬ್‌ಗೆ ಬೇಕಾದ ಬಗೆಯ ಯುರೇನಿಯಂ) 25 ಕಿಲೋ. ಇಷ್ಟು ಕೈಗೆ ಸಿಕ್ಕರೆ ಒಂದು ಬಾಂಬ್ ಆಗಬಹುದು ಅಂತ ಎಣಿಸಬೇಕು. ತಯಾರಿಕೆಯಲ್ಲಿ ಹಾಳಾಗುವ ಪಾಲನ್ನೂ ಇದರಲ್ಲಿ ಸೇರಿಸಿದ್ದಾರೆ, ನಾಗಸಾಕಿ ಬಾಂಬ್‌ನಲ್ಲಿ ಇದ್ದದ್ದು ಸುಮಾರು 6 ಕಿಲೋ ಪ್ಲುಟೋನಿಯಂ.

ಇದನ್ನು ಕಲಿತ ಕೂಡಲೇ ಎಲ್ಲರೂ ಕೇಳುವ ಪ್ರಶ್ನೆ ಒಂದೇ. ಹಾಗಾದರೆ ಲೆಕ್ಕದಲ್ಲಿ 8 ಕಿಲೋ ವ್ಯತ್ಯಾಸ ಬಂದ ತಕ್ಷಣ ಅಲಾರಂ ಹೊಡೆದರೆ ಆಯ್ತು, ಅಲ್ವಾ?

ಆಗಲ್ಲ. ಜಪಾನಿನ ರೊಕ್ಕಾಶೊ ಮರುಸಂಸ್ಕರಣಾ ಘಟಕವನ್ನೇ ತಗೊಳ್ಳಿ, ಅಂದರೆ ರಿಯಾಕ್ಟರ್‌ನಲ್ಲಿ ಬಳಸಿದ ಇಂಧನದಿಂದ ಪ್ಲುಟೋನಿಯಂ ಬೇರ್ಪಡಿಸುವ ಜಾಗ. ಪೂರ್ತಿ ಸಾಮರ್ಥ್ಯದಲ್ಲಿ ನಡೆದರೆ ವರ್ಷಕ್ಕೆ 800 ಟನ್ ಬಳಸಿದ ಇಂಧನ, ಅದರಿಂದ ಸುಮಾರು 8 ಟನ್ ಪ್ಲುಟೋನಿಯಂ. ಇಂಥ ಘಟಕಕ್ಕೆ ಅಂತಾರಾಷ್ಟ್ರೀಯವಾಗಿ ಒಪ್ಪಿರುವ ಅಳತೆಯ ಅನಿಶ್ಚಿತತೆ ಶೇ 1, ಅಂದರೆ 80 ಕಿಲೋ. ಆರಂಭದ ದಾಸ್ತಾನಿಗೆ ಬಂದದ್ದನ್ನು ಕೂಡಿಸಿ, ಹೋದದ್ದನ್ನೂ ಕೊನೆಗೆ ಉಳಿದದ್ದನ್ನೂ ಕಳೆದರೆ ಸೊನ್ನೆ ಬರಬೇಕು, ಆದರೆ ಟ್ಯಾಂಕ್ ಮಟ್ಟ, ಸ್ಯಾಂಪಲ್, ತೂಕ ಎಲ್ಲದರಲ್ಲೂ ಚೂರುಚೂರು ತಪ್ಪು ಇರುವುದರಿಂದ ಅದು ಬರುವುದೇ ಇಲ್ಲ. ವರ್ಷಕ್ಕೊಮ್ಮೆ ಲೆಕ್ಕ ಮುಗಿಸಿ 8 ಕಿಲೋಗೆ ಗೆರೆ ಎಳೆದರೆ, ಏನೂ ಕಳೆಯದಿದ್ದರೂ ಹೆಚ್ಚುಕಮ್ಮಿ ಎರಡಕ್ಕೊಂದು ಸಲ ಅಲಾರಂ ಹೊಡೆಯುತ್ತದೆ. ಆಮೇಲೆ ಅದನ್ನು ಯಾರು ನಂಬುತ್ತಾರೆ? ಸುಳ್ಳು ಅಲಾರಂ ಶೇ 5ಕ್ಕೆ ಇಳಿಯಬೇಕಾದರೆ ಗೆರೆ ಸುಮಾರು 130 ಕಿಲೋಗೆ ಏರಬೇಕು. ಅಷ್ಟರೊಳಗೆ ಎಷ್ಟು ಬಾಂಬ್ ಅಡಗಬಹುದು, ನೀವೇ ಲೆಕ್ಕ ಹಾಕಿ.

ಅದಕ್ಕೇ ನಾನು ಹೊಸಬರಿಗೆ ಹೇಳುವುದು: ಗೆರೆಯನ್ನು ಸುಮ್ನೆ ಕೆಳಗೆ ಎಳೆಯಬೇಡಿ, ಅಳತೆಯ ತಪ್ಪು ಎಲ್ಲಿಂದ ಬರುತ್ತಿದೆ ಅಂತ ಮೊದಲು ಹುಡುಕಿ. ಲೆಕ್ಕ ತಿಂಗಳಿಗೊಮ್ಮೆ ಆಗಲಿ, ಸಾಧ್ಯವಾದರೆ ಇನ್ನೂ ಬೇಗ. ಬೇರ್ಪಡಿಸಿದ ಪ್ಲುಟೋನಿಯಂ ಕಳೆದರೆ ಒಂದು ತಿಂಗಳೊಳಗೆ ಗೊತ್ತಾಗಬೇಕು ಅನ್ನುವುದೇ ಐಎಇಎ ಗುರಿ. ಕ್ಯಾಮೆರಾ, ಸೀಲ್ ಕೂಡ ಬೇಕೇ ಬೇಕು.

ಇನ್ನೊಂದು ವಿಷಯ ನನಗೆ ತುಂಬಾ ಮುಖ್ಯ. ಒಂದು ತಿಂಗಳ ಅಂಕಿ ಗೆರೆಯೊಳಗಿದೆ ಅಂತ ಫೈಲ್ ಮುಚ್ಚಬಾರದು. ಬ್ರಿಟನ್ನಿನ ಸೆಲ್ಲಾಫೀಲ್ಡ್‌ನ ಥಾರ್ಪ್ ಮರುಸಂಸ್ಕರಣಾ ಘಟಕದಲ್ಲಿ ಒಂದು ಪೈಪ್ ಮುರಿದು ತಿಂಗಳುಗಟ್ಟಲೆ ಸೋರಿತ್ತು. 2005ರ ಏಪ್ರಿಲ್‌ನಲ್ಲಿ ನೋಡಿದಾಗ ಬಳಸಿದ ಇಂಧನ ಕರಗಿಸಿದ ಸುಮಾರು 83,000 ಲೀಟರ್ ದ್ರಾವಣ ಮುಚ್ಚಿದ ಕೋಣೆಯ ನೆಲದ ಮೇಲಿತ್ತು, ಅದರಲ್ಲಿ ಸುಮಾರು 160 ಕಿಲೋ ಪ್ಲುಟೋನಿಯಂ. ಆ ಕೋಣೆಯೊಳಗೆ ಕ್ಯಾಮೆರಾ ಇಳಿಸಿ ನೋಡುವಂತೆ ಮಾಡಿದ್ದು ಲೆಕ್ಕದಲ್ಲಿ ಕಂಡ ಕೊರತೆ. ಅದಕ್ಕೇ ನಾನು ಪ್ರತಿ ಸಲವೂ ಹಿಂದಿನ ತಿಂಗಳುಗಳ ವ್ಯತ್ಯಾಸವನ್ನೆಲ್ಲ ಒಂದೇ ಗ್ರಾಫ್‌ನಲ್ಲಿ ಹಾಕಿಸುತ್ತೇನೆ. ಎಲ್ಲ ಅಂಕಿಯೂ ಗೆರೆಯೊಳಗಿದ್ದು, ಎಲ್ಲವೂ ಒಂದೇ ಕಡೆಗೆ ವಾಲುತ್ತಿದ್ದರೆ ಆ ಘಟಕಕ್ಕೆ ಪ್ರಶ್ನೆ ಕಳಿಸುತ್ತೇವೆ.